ಆಷಾಢದಲ್ಲಿ ತೆರೆದಿಟ್ಟ ಬಾಗಿಲು

ಮೈಸೂರಿಗೆ ಬಂದ ಮೊದಲ ದಿನ ಪಕ್ಕದ ಮನೆಯವರು ಸೀನಿದರು. ನಮ್ಮ ಯಜಮಾನರು ಬೆಚ್ಚಿ, ನಮ್ಮ ಕೋಣೆಯೊಳಗೇ ಯಾರೋ ಇದ್ದಾರೆಂದು ಹುಡುಕಿದರು. ನಮ್ಮೂರಿನಲ್ಲಿ ಮನೆಗೂ ಮನೆಗೂ ನಡುವೆ ಒಂದು ಹಿತ್ತಿಲಾದರೂ ಇರುತ್ತದೆ. ಇಲ್ಲಿ ಒಂದೇ ಅಂಗಳದ ಸುತ್ತ ಗೋಡೆಗೆ ಗೋಡೆ ತಾಗಿಸಿ ಕೋಣೆ ಕಟ್ಟಿ ಬಾಡಿಗೆಗೆ ಕೊಡುತ್ತಾರೆ. ಅದಕ್ಕೆ ವಠಾರ ಎನ್ನುತ್ತಾರೆ. ಯಾರ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದು ಎಲ್ಲರಿಗೂ ಗೊತ್ತು. ಏನೂ ಬೇಯದಿದ್ದರೆ ಇನ್ನೂ ಬೇಗ ಗೊತ್ತಾಗುತ್ತದೆ.

ಆಗ ಸ್ವಾತಂತ್ರ್ಯ ಬಂದ ಹೊಸದು, ನಮ್ಮ ಮದುವೆಯೂ ಹೊಸದು. ಗಿರಣಿ ಕೆಲಸ ಖಂಡಿತ ಎಂದು ಯಾರೋ ಹೇಳಿದ್ದನ್ನು ನಂಬಿ ಇಲವಾಲದಾಚೆಯ ಹಳ್ಳಿ ಬಿಟ್ಟು ಬಂದೆವು. ಗಿರಣಿಯವರು ನಾಳೆ ಬಾ ಎಂದರು. ಅವರ ನಾಳೆ ಬರಲೇ ಇಲ್ಲ. ಕೊನೆಗೆ ಊದಿನಕಡ್ಡಿಯ ಕೆಲಸ ಹಿಡಿದೆವು. ಇವರು ಇದ್ದಿಲಪುಡಿ ಕಲಸಿ ನಾದುವುದು, ನಾನು ಕಡ್ಡಿಗೆ ಹೊಸೆಯುವುದು.

ಅಷ್ಟರಲ್ಲಿ ಆಷಾಢ ಬಂತು. ಹೊಸ ಹೆಂಡತಿ ಗಂಡನ ಜೊತೆ ಇರಬಾರದು, ತೌರಿಗೆ ಹೋಗಬೇಕು. ನಿಮಗೆ ಗೊತ್ತೇ ಇದೆ. ಆದರೆ ಬೆಟ್ಟದ ತಾಯಿಯ ಶುಕ್ರವಾರಗಳಿಗೆ ಕಡ್ಡಿ ಬೇಕಾಗುವುದೂ ಆಗಲೇ. ನಾನು ಹೋದರೆ ಕೆಲಸ ಬೇರೆಯವರ ಪಾಲು. ಕೆಲಸ ಹೋದರೆ ಇವರೂ ಗಂಟು ಕಟ್ಟಿ ಊರಿಗೆ ನಡೆಯಬೇಕು. ಇದು ವಠಾರದಲ್ಲಿ ಒಬ್ಬರ ತಲೆಗೂ ಹೋಗಲಿಲ್ಲ.

ಮನೆ ಒಡತಿ ನಂಜಮ್ಮನವರು ಬಾಗಿಲಲ್ಲಿ ನಿಂತರು. "ತೌರಿಗೆ ಯಾವಾಗ ಕಣಮ್ಮ? ನನ್ನ ವಠಾರದಲ್ಲಿ ಇಂಥದ್ದೆಲ್ಲ ಬ್ಯಾಡ. ಇಲ್ದಿದ್ರೆ ಕೋಣೆ ಖಾಲಿ ಮಾಡಿ."

"ರಾತ್ರಿ ಅವಳು ನಿಮ್ಮ ಅಡುಗೆಮನೇಲಿ ಮಲಗ್ಲಿ ಕಣವ್ವ," ಅಂದರು ಇವರು. "ಹಗಲು ಕೆಲಸ ಮಾತ್ರ ಒಟ್ಟಿಗೆ."

"ಹಗಲು ಬಾಗಿಲು ತೆಗೆದೇ ಇರ್ಬೇಕು!"

ತೆರೆದಿಟ್ಟೆವು. ನಲ್ಲಿಗೆ ಬಂದವರೆಲ್ಲ ಇಣುಕುವವರೇ. "ಪುಟ್ಟರಾಜಣ್ಣ, ಹೆಂಡ್ತಿ ಮುಖ ನೋಡ್ಕೊಂಡು ನಾದ್‌ಬ್ಯಾಡಿ, ಹಿಟ್ಟು ನೀರಾದೀತು!" ನನಗೆ ರೇಗಿಹೋಗುತ್ತಿತ್ತು. ಅದರ ಮೇಲೆ ಜಡಿಮಳೆ. ತೆರೆದ ಬಾಗಿಲಿಂದ ಥಂಡಿ ನುಗ್ಗಿ ಕಡ್ಡಿ ಒಣಗಲೇ ಇಲ್ಲ. ಬೂಷ್ಟು ಹಿಡಿದರೆ ಕಡ್ಡಿ ಕೊಳ್ಳುವ ಸಾಹುಕಾರರು ಮುಟ್ಟುವುದಿಲ್ಲ. ಬಾಗಿಲು ಮುಚ್ಚಿ ಕೆಂಡ ಇಡಬೇಕು. ನಾನು ಹೋಗಿ ನಂಜಮ್ಮನವರ ಮುಂದೆ ಅತ್ತೇಬಿಟ್ಟೆ.

ಅವರು ಒಂದು ಮಣೆ ಎತ್ತಿಕೊಂಡು ಬಂದು ನಮ್ಮ ಕೋಣೆಯ ನಡುವೆ ಕೂತರು. "ಈಗ ಮುಚ್ಚಿ," ಅಂದರು.

ಆ ತಿಂಗಳೆಲ್ಲ ಹಾಗೆಯೇ. ಹೊಗೆಗೆ ಕೆಮ್ಮುತ್ತಾ, ನಮ್ಮಿಬ್ಬರನ್ನೂ ಬೈಯುತ್ತಾ ಕಾವಲು ಕೂತರು. ಬೆಚ್ಚಗಾಗಿ ಅವರು ತೂಕಡಿಸಿದರೆ ಇವರು ನನ್ನ ಕಡೆ ಹುಬ್ಬು ಹಾರಿಸುವರು. ನಾನು ನಕ್ಕರೆ, "ಎದ್ದೇ ಇದೀನಿ ಕಣೋ," ಎಂಬ ಮಾತು ಕಣ್ಣು ಮುಚ್ಚಿದಲ್ಲಿಂದಲೇ ಬರುತ್ತಿತ್ತು. ಕಡ್ಡಿ ಒಣಗಿತು, ಕೆಲಸ ಉಳಿಯಿತು, ನಾವೂ ಉಳಿದೆವು.

ಹೋದ ಚಳಿಗಾಲದಲ್ಲಿ ಇವರು ತೀರಿಕೊಂಡರು. ಮಣ್ಣು ಊರಲ್ಲೇ ಆಗಬೇಕೆಂದು ಇವರ ಅಣ್ಣ ಬಂದು ಕೊಂಡೊಯ್ದರು. ನನ್ನನ್ನು ಯಾರೂ ಕೇಳಲಿಲ್ಲ. ಒಂದು ತಿಂಗಳೂ ನನ್ನನ್ನು ಊರಿಗೆ ಕಳಿಸದವರು ತಾವೇ ಹೋಗಿ ಹೊಲದಲ್ಲಿ ಮಲಗಿದ್ದಾರೆ. ಇವರ ಮೇಲೆ ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ಊರಿಗೇ ಬಂದುಬಿಡು ಎಂದು ಊರಿನವರು ನೀವೆಲ್ಲ ಎನ್ನುತ್ತೀರಿ. ಬಂದರೆ ಇವರ ಹತ್ತಿರ ಇರುತ್ತೇನೆ, ನಿಜ. ಆದರೆ ನಾವಿಬ್ಬರೂ ಒಟ್ಟಿಗೆ ಇದ್ದದ್ದು ಇಲ್ಲಿ.