ಹಾಡು ಹಾಕಿ ಅಳಿಸಿದ ದನಿ

“ಸಿನಿಮಾ ತೆಗೀತೀರೇನ್ರಿ ಅಣ್ಣಾ? ಎಡಿಟ್ ಮಾಡಿ ಹಾಡು ಹಾಕ್ರಿ, ಒರಿಜಿನಲ್ ಅಳಿಸಿಬಿಡ್ರಿ. ಸಣ್ಣ ಡಿಸ್ಕ್ ಸಾಕು,” ಎಂದು ಹೊಸಪೇಟೆಯ ಕಂಪ್ಯೂಟರ್ ಅಂಗಡಿಯವರು ನಕ್ಕರು. ಮನೆ ವಿಡಿಯೊ ಇಡಲು ದೊಡ್ಡ ಹಾರ್ಡ್ ಡಿಸ್ಕ್ ಕೇಳಿದ್ದ ಸಂಡೂರಿನ ಲಾರಿ ಚಾಲಕರು ನಗಲಿಲ್ಲ.

“ಬ್ಯಾಡ್ರಿ. ಎಲ್ಲಾ ನನ್ನ ಹೆಂಡ್ತಿ ತೆಗೆದಿದ್ದು. ಒಂದ್ರಾಗೂ ಆಕಿ ಮುಖ ಇಲ್ಲ. ಆಕಿ ತೀರಿಹೋದ್ಲು, ‘ಈ ಕಡಿ ನೋಡ್ರಲೇ’ ಅನ್ನೋ ದನಿ ಅಷ್ಟ ಉಳದೈತಿ.”

ನಾನೂ ಡಿಸ್ಕ್ ಆರಿಸಲು ಬಂದಿದ್ದೆ. ನಮ್ಮಲ್ಲಿ ವಿಡಿಯೊ ತೆಗೆಯುತ್ತಿದ್ದವಳು ಹೋದ ವರ್ಷ ತೀರಿಕೊಂಡ ಅಕ್ಕ. ಹಂಪಿಯಲ್ಲಿ ಮಕ್ಕಳು ಆಡಿದ ವಿಡಿಯೊಗೆ ಹಾಡು ಸೇರಿಸುವಾಗ ಅವಳ ಮಾತನ್ನು ಗದ್ದಲವೆಂದು ತೆಗೆದಿದ್ದೆ. ಜಾಗ ಸಾಲದೆಂದು ಒರಿಜಿನಲ್ ಅಳಿಸಿದ್ದೆ.

ದೊಡ್ಡ ಡಿಸ್ಕನ್ನೇ ತಂದೆ. ಆ ವಿಡಿಯೊದಲ್ಲಿ ಮಕ್ಕಳು ಈಗಲೂ ಕ್ಯಾಮೆರಾದತ್ತ ತಿರುಗಿ ಅವಳಿಗೆ ಉತ್ತರ ಕೊಡುತ್ತಾರೆ. ಕೇಳಿಸುವುದು ಹಾಡು ಮಾತ್ರ.