ಮನೆ ಮನೆಗೆ ಹೋದ ನಡಾವಳಿ ಪುಸ್ತಕ

ಪಾಲಕರೂ ಮೇಷ್ಟ್ರುಗಳೂ ಕೂಡಿ ಶಾಲೆ ನೋಡಿಕೊಳ್ಳಬೇಕೆಂದು ಎಸ್‌ಡಿಎಂಸಿ ಎಂಬ ಸಮಿತಿ ಹೊಸದಾಗಿ ಬಂದಾಗ ನಾನು ಹಡಗಲಿ ಕಡೆಯ ಒಂದು ಹಳ್ಳಿಯಲ್ಲಿ ಹೆಡ್‌ಮಾಸ್ಟರು. ಸಮಿತಿಗೆ ಕಾರ್ಯದರ್ಶಿಯೂ ನಾನೇ. ಹೊಲದಲ್ಲಿರುವ ಜನರನ್ನು ಕರೆದು ಕೂಡಿಸುವುದೆಂದರೆ ನನಗೆ ತಲೆನೋವು. ಸಭೆಯ ನಡಾವಳಿಯನ್ನು ಶಾಲೆಯಲ್ಲಿ ಒಬ್ಬನೇ ಕುಳಿತು ಬರೆದು, ಸಂಜೆ ಪುಸ್ತಕವನ್ನು ಸೈಕಲ್ಲಿಗೆ ಸಿಕ್ಕಿಸಿಕೊಂಡು ಮನೆ ಮನೆಗೆ ಹೋಗಿ ಸಹಿ ತರುತ್ತಿದ್ದೆ. ಎಲ್ಲರೂ ಚಹಾ ಕೊಟ್ಟು, ಓದದೆ ಸಹಿ ಹಾಕುತ್ತಿದ್ದರು. ಎಂಥ ಸುಖದ ಆಡಳಿತ!

ಕುರಿ ಸಾಕುವ ಮನೆಯ ತಾಯಿಯೊಬ್ಬಳು ಹೊಸದಾಗಿ ಸದಸ್ಯೆಯಾದಳು. ಹೆಬ್ಬೆಟ್ಟು ಒತ್ತಿಸಲು ನಾನು ಇಂಕ್ ಪ್ಯಾಡು ತೆಗೆದರೆ ಆಕೆ ಕೈ ಹಿಂದಕ್ಕೆ ಎಳೆದುಕೊಂಡಳು.

“ಮೊದ್ಲು ಓದಿ ಹೇಳ್ರಿ ಸರ್.”

ಓದಿದೆ. ಸದಸ್ಯರೆಲ್ಲರೂ ಹಾಜರಿದ್ದು, ಚರ್ಚಿಸಿ, ಒಮ್ಮತದಿಂದ ಒಪ್ಪಿದರು ಎಂದಿತ್ತು.

“ಹಂಗಾರ ನಾನು ಎಲ್ಲಿ ಕುಂತಿದ್ನಿರಿ? ಏನಂದ್ನಿ?”

ಮೈ ಉರಿದುಹೋಯಿತು. ಇಂಕ್ ಪ್ಯಾಡು ಮುಚ್ಚಿ, ಹೆಬ್ಬೆಟ್ಟಿಲ್ಲದೆಯೇ ಸೈಕಲ್ ಹತ್ತಿದೆ.

ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಅಂಗಳದ ಬೇವಿನ ಮರದ ಕೆಳಗೆ ಜಮಖಾನೆ ಹಾಸಿ, ಮೊದಲ ಸಲ ನಿಜವಾದ ಸಭೆ ಕರೆದೆ. ಆಕೆ ಎಲ್ಲರಿಗಿಂತ ಮೊದಲೇ ಬಂದಿದ್ದಳು.

“ಪಾಯಿಖಾನಿಗೆ ಬಾಗ್ಲ ಇಲ್ಲ. ಹೆಣ್ಣುಡುಗ್ರು ಮಧ್ಯಾಹ್ನ ಮನಿಗೆ ಓಡಿ ಬರ್ತಾವ. ಅದನ್ನ ಬರೀರಿ” ಎಂದಳು.

ಅಷ್ಟು ದಿನ ಗೋಡೆಗಡಿಯಾರ, ಸುಣ್ಣಬಣ್ಣ ಎಂದೆಲ್ಲ ಬರೆದಿದ್ದ ನನಗೆ ಆ ಬಾಗಿಲು ಕಂಡಿರಲೇ ಇಲ್ಲ. ಬರೆದೆ, ಓದಿ ಹೇಳಿದೆ. ಆಕೆ ತಾನಾಗಿಯೇ ಹೆಬ್ಬೆಟ್ಟು ಚಾಚಿದಳು.

ನಿವೃತ್ತನಾಗಿ ವರ್ಷಗಳಾದವು. ಆಕೆ ಎಲ್ಲಿ ಕುಳಿತಿದ್ದಳೆಂದು ಈಗ ಯಾರು ಕೇಳಿದರೂ ಹೇಳಬಲ್ಲೆ: ಬೇವಿನ ಬೊಡ್ಡೆಗೆ ಒರಗಿ, ನನ್ನ ಎದುರಿಗೇ.