ಭೋಜನ್ ಡಾಕ್ಟರಿಗೆ ಹೆಸರು ತಂದ ವಾಕ್ಯ

ಬೆಟ್ಟದ ಮೇಲಿನ ಹುಬ್ಬತಲೈ ಹಟ್ಟಿಯಿಂದ ಮದರಾಸಿಗೆ ಹೋಗಿ ವೈದ್ಯ ಕಲಿತು ಬಂದ ಮೊದಲಿಗ ಭೋಜನ್. ಅವನನ್ನು ಮಸಿನಗುಡಿಯ ಸಣ್ಣ ಆಸ್ಪತ್ರೆಗೆ ಹಾಕಿದ್ದಾರೆಂದು ತಿಳಿದಾಗ ನೆಂಟರ ಮುಖ ಇಳಿಯಿತು. ಬೆಟ್ಟದ ತಪ್ಪಲಿಗೆ ಇಳಿದವರಿಗೆ ಚಳಿಜ್ವರ ತಪ್ಪುತ್ತಿರಲಿಲ್ಲ. ಹೆಂಡತಿ ಮಾತಿ ಮಾತ್ರ, "ಜ್ವರ ಇರೋ ಕಡೆ ತಾನೆ ಡಾಕ್ಟರು ಬೇಕು?" ಎನ್ನುತ್ತ ಗಂಟುಮೂಟೆ ಕಟ್ಟಿದಳು.

ಆಸ್ಪತ್ರೆಯ ಹಿಂದೆ ದನ ಸಾಕುವವರ ಒಂದು ಹಾಡಿ, ಅದಕ್ಕೆ ಅಂಟಿಕೊಂಡಂತೆ ಕಾಫಿ ಎಸ್ಟೇಟು. ಹಾಡಿಯ ಯಜಮಾನ ಭೀಮ ಮೊದಮೊದಲು ಇತ್ತ ಸುಳಿಯುತ್ತಿರಲಿಲ್ಲ. ಅವನ ಮೊಮ್ಮಗಳು ಕ್ವಿನೈನಿನಿಂದ ಬದುಕಿದ ಮೇಲೆ ಹಾಡಿಯ ಮಕ್ಕಳನ್ನೆಲ್ಲ ತಾನೇ ಕರೆತಂದು ಚಾಪೆಯ ಮೇಲೆ ಮಲಗಿಸಿದ. ಭೋಜನ್ ಒಬ್ಬೊಬ್ಬರ ಹೊಟ್ಟೆ ಒತ್ತಿ, ಎಡಪಕ್ಕೆಯಡಿ ಜ್ವರಕ್ಕೆ ಊದಿದ ಗುಲ್ಮವನ್ನು ಅಳೆದ. ಮಳೆಗಾಲವೆಲ್ಲ ಜ್ವರ ಹರಡುವ ಸೊಳ್ಳೆಯ ಮರಿ ಹುಡುಕಿದ. ಅವು ಸಿಕ್ಕಿದ್ದು ಹಾಡಿಯಲ್ಲಲ್ಲ, ಹೂಳು ತುಂಬಿ ನೀರು ನಿಂತ ಎಸ್ಟೇಟಿನ ಕಾಲುವೆಯಲ್ಲಿ.

ಕಂಡದ್ದನ್ನೆಲ್ಲ ಬರೆದು ಮದರಾಸಿನ ವೈದ್ಯ ಪತ್ರಿಕೆಯೊಂದಕ್ಕೆ ಕಳಿಸಿದ. 1926ರಲ್ಲಿ ಲೇಖನ ಅಚ್ಚಾಯಿತು. ಅದರಲ್ಲಿ ಒಂದು ಕಡೆ, ಹಾಡಿಯ ಮಕ್ಕಳ ರಕ್ತದಲ್ಲಿ ಜ್ವರ ವರ್ಷವಿಡೀ ಉಳಿದಿರುತ್ತದೆ ಎಂದಿತ್ತು. ಕಾಲುವೆ ಶುಚಿಯಾದರೆ ಅದು ಯಾರಿಗೂ ಹರಡದು ಎಂದು ಮರುವಾಕ್ಯದಲ್ಲೇ ಇತ್ತು. ಮೊದಲ ವಾಕ್ಯಕ್ಕೆ ಕಾಲು ಬಂತು. ಮೇಲಧಿಕಾರಿಯೊಬ್ಬರ ವರದಿಗೆ ಹೋಯಿತು, ತೋಟದ ದೊರೆಗಳ ಸಭೆಗೆ ಹೋಯಿತು, ಕಲ್ಕತ್ತೆಯ ಪಠ್ಯಪುಸ್ತಕಕ್ಕೂ ಹೋಯಿತು. ಎರಡನೆಯದು ಪತ್ರಿಕೆಯಲ್ಲೇ ಉಳಿಯಿತು.

ಮರುವರ್ಷ ಹಾಡಿಯನ್ನು ಎತ್ತಿಸುವ ಆಜ್ಞೆ ಬಂತು. ಎಸ್ಟೇಟಿನ ಕೂಲಿಗಳಿಗೆ ಜ್ವರ ಅಂಟುವುದು ಆ ಮಕ್ಕಳಿಂದ, ಡಾಕ್ಟರೇ ಬರೆದಿದ್ದಾರೆ ಎಂದು ತಹಸೀಲ್ದಾರ ಓದಿ ಹೇಳಿದ. ಗುಡಿಸಲುಗಳ ಹುಲ್ಲು ಕೀಳುತ್ತಿದ್ದಾಗ ಭೀಮ ಆಸ್ಪತ್ರೆಯ ಬಾಗಿಲಿಗೆ ಬಂದ.

"ಸ್ವಾಮಿ, ನಮ್ಮ ಮಕ್ಕಳ ಹೊಟ್ಟೆ ಒತ್ತಿ ನೋಡಿದ್ದು ಇದಕ್ಕೇನಾ?"

"ನಾನು ಹಾಗೆ ಬರೆಯಲಿಲ್ಲ ಭೀಮ."

"ಬರೆದಿಲ್ಲವಾ?"

ಮುಂದಿನ ವಾಕ್ಯ ತೋರಿಸಲೆಂದು ಭೋಜನ್ ಪತ್ರಿಕೆ ತರಲು ಒಳಗೆ ಹೋದ. ಅವನು ಬರುವಷ್ಟರಲ್ಲಿ ಭೀಮ ದನಗಳ ಹಿಂದೆ ಹೊರಟುಹೋಗಿದ್ದ.

ಹಾಡಿಯವರಿಗೆ ಕೊಟ್ಟ ಜಾಗ ಮುಳ್ಳು ಬೆಳೆದ ಒಣ ದಿಣ್ಣೆ. ನೀರಿಗೆ ಹೊಳೆಯವರೆಗೂ ಇಳಿಯಬೇಕು. ಭೋಜನ್ ಕಾಲುವೆಯ ಮಾತನ್ನೇ ಮುಂದಿಟ್ಟು ಇನ್ನೊಂದು ಲೇಖನ ಬರೆದ. ಹೊಸದೇನೂ ಇಲ್ಲವೆಂದು ಅದು ಹಿಂದಕ್ಕೆ ಬಂತು. ಮತ್ತೊಂದು ಬರೆದ, ಅದಕ್ಕೆ ಉತ್ತರವೇ ಇಲ್ಲ. ಉದಕಮಂಡಲದಲ್ಲಿ ವೈದ್ಯರ ಸಭೆ ಕೂಡಿದಾಗ ಎದೆಗಟ್ಟಿ ಮಾಡಿಕೊಂಡು ಹೋದ. ಅಧ್ಯಕ್ಷರು ಅವನನ್ನು ಎಬ್ಬಿಸಿ ನಿಲ್ಲಿಸಿ, ಅದೇ ವಾಕ್ಯವನ್ನು ಮೆಚ್ಚಿಕೊಂಡು ಓದಿದರು. ಚಪ್ಪಾಳೆ ಬಿತ್ತು.

"ದಯವಿಟ್ಟು ಅದರ ಮುಂದಿನದ್ದನ್ನೂ ಓದಿ," ಎಂದ ಭೋಜನ್.

"ಆಗಲಿ, ಆಗಲಿ. ಊಟಕ್ಕೆ ಹೊತ್ತಾಯಿತು," ಎಂದರು ಅಧ್ಯಕ್ಷರು. ಸಭೆ ನಕ್ಕಿತು.

ಹಾಡಿ ಹೋದ ಮೇಲೂ ಎಸ್ಟೇಟಿನ ಲೈನುಮನೆಗಳಲ್ಲಿ ಕೂಲಿಗಳು ಚಳಿಜ್ವರಕ್ಕೆ ನಡುಗುತ್ತಲೇ ಇದ್ದರು. ಒಂದು ಬೆಳಿಗ್ಗೆ ಭೋಜನ್ ಗುದ್ದಲಿ ಹಿಡಿದು ಕಾಲುವೆಗೆ ಇಳಿದ. ಮಾತಿ ಸೆರಗು ಸಿಕ್ಕಿಸಿಕೊಂಡು ಮಂಕರಿಯಲ್ಲಿ ಹೂಳು ಹೊತ್ತಳು. ಕೂಲಿಗಳು ದೂರದಿಂದ ನೋಡಿದರು, ಮೇಸ್ತ್ರಿಗೆ ಹೆದರಿ ಯಾರೂ ಹತ್ತಿರ ಬರಲಿಲ್ಲ. ಮಧ್ಯಾಹ್ನಕ್ಕೆ ಎಸ್ಟೇಟಿನ ಮ್ಯಾನೇಜರ್ ಕುದುರೆಯ ಮೇಲೆ ಬಂದು, ಬೇರೆಯವರ ನೆಲಕ್ಕೆ ನುಗ್ಗಿದ್ದೀರಿ ಎಂದು ಕೂಗಾಡಿದ. ತಿಂಗಳಾಗುವಷ್ಟರಲ್ಲಿ ಭೋಜನ್‌ಗೆ ಉದಕಮಂಡಲಕ್ಕೆ ವರ್ಗವಾಯಿತು, ಔಷಧಿ ಉಗ್ರಾಣದ ಕೆಲಸಕ್ಕೆ.

ಅಲ್ಲಿ ಕೂತಷ್ಟೂ ಅವನ ಹೆಸರು ಬೆಳೆಯಿತು. ಸಿಲೋನಿನ ಡಾಕ್ಟರೊಬ್ಬರು ಅವನನ್ನು ಹೊಗಳಿ ಬರೆದರು. ಅಲ್ಲೂ ಅದೇ ವಾಕ್ಯ ಹಿಡಿದು ತೋಟಗಳ ಪಕ್ಕದ ಕೇರಿಗಳನ್ನು ಎತ್ತಿಸುತ್ತಿದ್ದಾರಂತೆ. ಅದನ್ನು ಓದಿದ ದಿನ ಭೋಜನ್ ಅನ್ನ ಮುಟ್ಟಲಿಲ್ಲ.

"ಹೋಗಿ ಒಂದು ಸಲ ಹಾಡಿಯವರನ್ನ ನೋಡಿ ಬನ್ನಿ," ಎಂದಳು ಮಾತಿ.

ಕ್ವಿನೈನ್ ಕಟ್ಟಿಕೊಂಡು ಹೋದ. ದಿಣ್ಣೆಯ ಮೇಲೆ ಒಲೆಗಲ್ಲುಗಳು ಮಾತ್ರ ಇದ್ದವು. ತೆಪ್ಪಕಾಡಿನ ಆನೆಬಿಡಾರದವರೆಗೂ ನಡೆದು ಅಲ್ಲಿನ ಮಾವುತ ಚಂದ್ರನ್‌ನನ್ನು ವಿಚಾರಿಸಿದ.

"ಭೀಮನ ಕಡೆಯವರಾ? ಬೇಸಿಗೆಯಲ್ಲೇ ಹೊಳೆ ದಾಟಿ ಮೈಸೂರು ಸೀಮೆಗೆ ಹೋದರು. ಚಿಕ್ಕ ಮಕ್ಕಳು ಹೆಚ್ಚೇನೂ ಉಳಿದಿರಲಿಲ್ಲ."

"ಮೊಮ್ಮಗಳು ಇದ್ದಳಾ?"

ಚಂದ್ರನ್ ಆನೆಯ ಕಾಲಿನ ಸರಪಳಿ ಬಿಚ್ಚುತ್ತ, "ನಾನು ನೋಡಲಿಲ್ಲ," ಎಂದ.

ಭೋಜನ್ ಹೊಳೆಯ ಆಚೆ ಊರೂರು ಕೇಳಿಕೊಂಡು ತಿರುಗಿದ. ಯಾರಿಗೂ ಗೊತ್ತಿರಲಿಲ್ಲ. ತಂದ ಕ್ವಿನೈನನ್ನು ದಾರಿಯಲ್ಲಿ ಸಿಕ್ಕ ಜ್ವರದವರಿಗೆ ಹಂಚಿ, ಬೆಟ್ಟ ಹತ್ತಿ ಬಂದ.